ನೀಲಮ್ಮನ ಬೆಂಡೋಲೆ, ವನಜಾಕ್ಷಿಯ ಎರಡು ಮೋಟರು

ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ಕಿವಿಯಿಂದ ಹೊಟ್ಟೆಗೆ ಇಳಿಯಬೇಕು, ತಿರುಗಿ ಬಾಯಿಗೆ ಬರಬಾರದು. ಕಾಳಿಕಾಂಬೆ ಮೇಲೆ ಆಣೆ ಇಟ್ಟರೆ ಮಾತ್ರ ಮುಂದಕ್ಕೆ.

ಹೊಳೆ ದಂಡೆಯ ಅಕ್ಕಸಾಲಿಗರ ಬೀದಿಯಲ್ಲಿ ಬ್ರಹ್ಮಾಚಾರ್ ಅಂತ ಒಬ್ಬ ಮುದುಕರು. ಹೆಂಡತಿ ನೀಲಮ್ಮ ತೀರಿಕೊಂಡಿದ್ದಳು. ಪಕ್ಕದ ಮನೆಯಲ್ಲಿ ವನಜಾಕ್ಷಿ. ಗಂಡ ಬಿಟ್ಟವಳು ಅನ್ನಿ, ಗಂಡನನ್ನು ಬಿಟ್ಟವಳು ಅನ್ನಿ, ನಿಮ್ಮಿಷ್ಟ.

ಅವಳು ಆಚಾರ್ರ ಜಗಲಿಯಲ್ಲಿ ಕೂತು ಚಿನ್ನದ ಕೆಲಸ ಕಲಿಯುತ್ತಿದ್ದಳು. ಹೆಂಗಸಾದವಳು ಒಡವೆ ಹಾಕಿಕೊಳ್ಳೋದು ಬಿಟ್ಟು ಅರ ಹಿಡಿದು ಉಜ್ಜೋದೇ! ಬೀದಿಗೆ ಅಷ್ಟೇ ಸಾಕಿತ್ತು. ಉಪ್ಪಿನಕಾಯಿ ಇಲ್ಲದೆಯೇ ಊಟ ಇಳಿಯುತ್ತಿತ್ತು.

ಒಂದು ಬೆಳಗ್ಗೆ ವನಜಾಕ್ಷಿ ಎರಡು ಡಬ್ಬ ತಂದು ಗುರುಗಳ ಮುಂದೆ ಬಿಚ್ಚಿಟ್ಟಳು.

"ಆಚಾರ್ರೇ, ಎರಡೂ ತಿರುಗೋ ಮೋಟರು. ಕೊರೆಯೋಕೆ, ಉಜ್ಜೋಕೆ, ಹೊಳಪು ಕೊಡೋಕೆ ಎಲ್ಲಕ್ಕೂ ಆಗುತ್ತಂತೆ. ಬಳಸಿ ನೋಡಿ ಒಂದು ಇಟ್ಕೊಳ್ಳಿ, ಇನ್ನೊಂದು ವಾಪಸು ತನ್ನಿ ಅಂದ್ರು ಅಂಗಡಿಯವರು. ಯಾವುದು ಇಟ್ಕೊಳ್ಳಲಿ?"

ಒಂದು ಮುಷ್ಟಿಯಲ್ಲಿ ಹಿಡಿಯುವಂಥದ್ದು, ಸೌತೆಕಾಯಿ ಗಾತ್ರ. ಇನ್ನೊಂದು ಮೇಲೆ ಕೊಂಡಿಗೆ ನೇತುಹಾಕುವಂಥದ್ದು. ಅದರಿಂದ ಹಾವಿನಂಥ ಕೊಳವೆ ಇಳಿದು, ತುದಿಯಲ್ಲಿ ಬೆರಳಿಗೆ ಹಿಡಿ. ಕೆಳಗೆ, ಹೊಲಿಗೆ ಮೆಷಿನ್ನಿಗೆ ಇರುವ ಹಾಗೆ, ಕಾಲಲ್ಲಿ ಒತ್ತುವ ಪೆಡಲು.

"ನಿನಗೆ ಯಾವುದರ ಮೇಲೆ ಮನಸ್ಸು?"

"ಕೈಯಲ್ಲಿ ಹಿಡಿಯೋದು. ಎಷ್ಟು ಜೋರು ತಿರುಗುತ್ತೆ ಅಂತೀರಿ!"

ಆಚಾರ್ರು ಎದ್ದು ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದರು. ಒಳಗಿದ್ದದ್ದು ಏಳು ಕೆಂಪು ಹರಳಿನ, ಹೂವಿನಾಕಾರದ ಒಂಟಿ ಬೆಂಡೋಲೆ. ನೀಲಮ್ಮನದು. ಸಾಯುವವರೆಗೂ ಅವಳ ಕಿವಿ ಬಿಟ್ಟು ಇಳಿಯದೆ ಇದ್ದದ್ದು.

"ಒಂದು ಹರಳು ಅಲ್ಲಾಡ್ತಿದೆ. ಅದು ಕೂರೋ ಕುಳಿ ಸರಿಮಾಡಿ ಕೂರಿಸು. ಯಾವ ಮೋಟರು ಅಂತ ಓಲೆಯೇ ಹೇಳುತ್ತೆ."

ಎದುರು ಮನೆಯ ಪುಟ್ಟಗೌರಮ್ಮ ಅಕ್ಕಿ ಆರಿಸುತ್ತ ಕೂತಿದ್ದವಳು ಇಷ್ಟನ್ನೂ ಕಂಡಳು. ಸತ್ತ ಹೆಂಡತಿಯ ಓಲೆ ಪಕ್ಕದ ಮನೆಯವಳ ಅಂಗೈಯಲ್ಲಿ! ಕಲ್ಲು ಅಕ್ಕಿಯಲ್ಲೇ ಉಳಿಯಿತು. ಸುದ್ದಿ ಹೊಳೆ ದಾಟಿತು.

ವನಜಾಕ್ಷಿ ಅರಗಿನ ಕೋಲನ್ನು ಬಿಸಿಮಾಡಿ, ಮೆತ್ತಗಾದ ಅರಗಿನಲ್ಲಿ ಓಲೆಯನ್ನು ಅಂಟಿಸಿದಳು. ಅರಗು ಆರಿ ಗಟ್ಟಿಯಾದರೆ ಒಡವೆ ಅಲುಗುವುದಿಲ್ಲ, ಕೆಲಸ ಸಲೀಸು. ಹರಳು ಬಿಡಿಸಿ ಪಕ್ಕಕ್ಕಿಟ್ಟು, ಕೈಮೋಟರಿನ ಗುಂಡಿ ಒತ್ತಿದಳು.

ಗುಂಯ್ ಅಂದಿತು. ಬೀದಿಯ ನಾಯಿ ಎದ್ದು ಹೋಯಿತು.

ಜೋರು ತಿರುಗಿದಷ್ಟೂ ಚಿನ್ನ ಕಾಯಿತು. ಚಿನ್ನ ಕಾದಷ್ಟೂ ಅರಗು ಕರಗಿತು. ಕಣ್ಣು ಮಿಟುಕಿಸುವುದರಲ್ಲಿ ಓಲೆ ಜಾರಿ, ಮೋಟರಿನ ತುದಿಯ ಕೊರೆಯುವ ಹಲ್ಲಿಗೆ ಸಿಕ್ಕಿ, ಚಂಗನೆ ಹಾರಿತು. ಗುಂಡಿ ಎಲ್ಲಿ, ಗುಂಡಿ ಎಲ್ಲಿ ಅಂತ ಹೆಬ್ಬೆರಳು ತಡಕಾಡುವಷ್ಟರಲ್ಲಿ ಓಲೆ ಬಚ್ಚಲ ಚರಂಡಿಯಲ್ಲಿತ್ತು.

ವನಜಾಕ್ಷಿ ಸೆರಗು ಸಿಕ್ಕಿಸಿ ಚರಂಡಿಗೆ ಕೈ ಹಾಕಿದಳು. ಪುಟ್ಟಗೌರಮ್ಮ ಕೆನ್ನೆಗೆ ಬೆರಳಿಟ್ಟುಕೊಂಡು ಬಂದು ನಿಂತಳು.

"ಏನವ್ವಾ, ಬಂದ ಸೌಭಾಗ್ಯ ಇಷ್ಟು ಬೇಗ ಚರಂಡಿ ಪಾಲಾಯ್ತಾ?"

ವನಜಾಕ್ಷಿ ಕೆಸರು ತಡಕುತ್ತಲೇ ಇದ್ದಳು. ಓಲೆ ಸಿಕ್ಕಿತು. ತೊಳೆದು ನೋಡಿದರೆ ಒಂದು ಎಸಳಿನ ಮೇಲೆ ಅಡ್ಡಕ್ಕೆ ಗೀರು, ಬೆಕ್ಕು ಪರಚಿದ ಹಾಗೆ.

ಅವಳು ಓಲೆ, ಹರಳು, ಅರಗಿನ ಕೋಲು, ಅರ, ಇಕ್ಕಳ, ಎರಡು ಮೋಟರು ಎಲ್ಲವನ್ನೂ ಹೊತ್ತು ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನು ಆ ಜಗಲಿ ಹತ್ತುವ ಮುಖ ನನಗಿಲ್ಲ ಅಂದುಕೊಂಡಳು. ಮೋಟರುಗಳನ್ನು ವಾಪಸು ಕೊಡುವುದು, ಓಲೆಯನ್ನು ಹೊಸ್ತಿಲ ಮೇಲಿಟ್ಟು ಬರುವುದು, ಕೆಲಸ ಬಿಡುವುದು. ಅಷ್ಟೇ.

ಸ್ವಲ್ಪ ಹೊತ್ತಿಗೆ ಬಾಗಿಲ ಆಚೆ ಊರುಗೋಲಿನ ಸದ್ದು. ಆಚಾರ್ರು! ಅವಳ ಬಾಗಿಲಿಗೆ! ಬೀದಿಯ ಕಿಟಕಿಗಳೆಲ್ಲ ಉಸಿರು ಹಿಡಿದವು.

"ಮಗಾ, ಕೈ ಸುಟ್ಟಿತಾ?"

"ಇಲ್ಲ ಆಚಾರ್ರೇ." ಒಳಗಿನಿಂದ ಅಳು. "ಓಲೆಗೆ ಗಾಯ ಮಾಡ್ಬಿಟ್ಟೆ."

"ಕೇಳಿದ್ದು ಕೈ ವಿಷಯ."

"ಕೈ ಚೆನ್ನಾಗಿದೆ."

"ಹಾಗಾದ್ರೆ ಹೇಳು. ಮೋಟರು ತಿರುಗ್ತಿದ್ದಾಗ ನಿನಗೆ ಏನು ಕೇಳಿಸ್ತು?"

"ಮೋಟರೇ ಕೇಳಿಸ್ತು. ಬೇರೆ ಏನೂ ಇಲ್ಲ."

"ಬೇಡ ಅನ್ನಿಸಿದಾಗ ನಿಂತಿತಾ?"

"ಇಲ್ಲ. ನಾನು ಬೇಡ ಅಂದ ಮೇಲೂ ತಿರುಗ್ತಾನೇ ಇತ್ತು."

"ಇನ್ನೊಂದನ್ನೂ ಕೇಳಿ ನೋಡು."

ಕೋಲಿನ ಸದ್ದು ದೂರವಾಯಿತು. ಒಳಗೆ ಕಾಲಿಡಲಿಲ್ಲ, ಬಾಗಿಲು ತೆಗಿ ಅಂತಲೂ ಅನ್ನಲಿಲ್ಲ. ಕಿಟಕಿಗಳಿಗೆ ಬಹಳ ನಿರಾಸೆಯಾಯಿತು.

ವನಜಾಕ್ಷಿ ಮುಖ ತೊಳೆದು ತಲೆ ಎತ್ತಿ ನೋಡಿದಳು. ನಡುಮನೆಯ ತೊಲೆಯಲ್ಲಿ ತೊಟ್ಟಿಲಿಗೆ ಅಂತ ಅವಳಮ್ಮ ಹಾಕಿಸಿದ್ದ ಕೊಂಡಿ. ಯಾವತ್ತೂ ಏನನ್ನೂ ತೂಗಿದ್ದಲ್ಲ. ಎರಡನೇ ಮೋಟರನ್ನು ಅದಕ್ಕೆ ನೇತುಹಾಕಿದಳು.

ಕಾಲಿಟ್ಟಳು. ಮೆಲ್ಲಗೆ ತಿರುಗಿತು. ಇನ್ನಷ್ಟು ಒತ್ತಿದಳು, ಅಷ್ಟೇ ಹೆಚ್ಚಾಯಿತು. ಎತ್ತಿದಳು, ನಿಂತಿತು. ತೂಕವೆಲ್ಲ ಮೇಲೆ ಕೊಂಡಿಯಲ್ಲಿ. ಬೆರಳಿಗೆ ಏನೂ ಭಾರವಿಲ್ಲ.

ಓಲೆಯನ್ನು ತಿರುಗಿ ಅರಗಿಗೆ ಅಂಟಿಸಿ, ಮೋಟರನ್ನು ಒಂದು ಚೂರು ತಿರುಗಿಸಿ, ನಿಲ್ಲಿಸಿ, ಬೆರಳು ಮುಟ್ಟಿಸಿ ಬಿಸಿ ನೋಡಿ, ಆರಿದ ಮೇಲೆ ಇನ್ನೊಂದು ಚೂರು. ಮೊದಲು ಕುಳಿ, ಆಮೇಲೆ ಗೀರು. ನಡುವೆ ಸಣ್ಣಗೆ ಒಂದು ಸದ್ದು ಕೇಳಿಸತೊಡಗಿತು. ಹಲ್ಲು ಚಿನ್ನವನ್ನು ಸರಿಯಾಗಿ ಹಿಡಿದರೆ ಒಂದು ದನಿ, ತಪ್ಪಿದರೆ ಇನ್ನೊಂದು ದನಿ. ಎರಡನೆಯದು ಕೇಳಿದ ಕೂಡಲೇ ಕಾಲು ತಾನಾಗಿ ಮೇಲೆ ಬರುತ್ತಿತ್ತು.

ಹರಳು ಕೂತಿತು. ಅಲ್ಲಾಡಿಸಿದರೂ ಅಲ್ಲಾಡಲಿಲ್ಲ. ಗೀರು ಮಾತ್ರ ಪೂರ್ತಿ ಹೋಗಲಿಲ್ಲ, ಕೂದಲೆಳೆಯಷ್ಟು ಉಳಿಯಿತು. ಇನ್ನೂ ಉಜ್ಜಿದರೆ ಎಸಳೇ ತೆಳುವಾಗುತ್ತಿತ್ತು. ಕಾಲು ಎತ್ತಿದಳು.

ಮಾರನೆಯ ದಿನ ಬೆಳಗ್ಗೆ ಹೊರಗೆ ಟಕ್ ಟಕ್ ಅಂತ ಸದ್ದು. ವನಜಾಕ್ಷಿ ಓಲೆ ಹಿಡಿದು ಬಾಗಿಲು ತೆಗೆದರೆ, ಆಚಾರ್ರು ಮಣೆಯ ಮೇಲೆ ನಿಂತು ಜಗಲಿಯ ತೊಲೆಗೆ ಏನೋ ಹೊಡೆಯುತ್ತಿದ್ದಾರೆ. ಆ ವಯಸ್ಸಿನಲ್ಲಿ! ಪುಟ್ಟಗೌರಮ್ಮ ಮೊರ ಹಿಡಿದು ಆಗಲೇ ಹಾಜರು.

ವನಜಾಕ್ಷಿ ಓಲೆ ಚಾಚಿದಳು.

"ಹರಳು ಕೂತಿದೆ ಆಚಾರ್ರೇ. ಗೀರು ಪೂರ್ತಿ ತೆಗೆಯೋಕೆ ಆಗಲಿಲ್ಲ. ನೀಲಮ್ಮನೋರು ಇದ್ದಿದ್ರೆ ನನ್ನ ಮುಖ ನೋಡ್ತಿರಲಿಲ್ಲ."

ಆಚಾರ್ರು ಮಣೆಯಿಂದ ಇಳಿದರು. ಓಲೆಯನ್ನು ಬಿಸಿಲಿಗೆ ಹಿಡಿದು, ಆ ಕೂದಲೆಳೆಯ ಮೇಲೆ ಉಗುರಾಡಿಸಿದರು. ಬಟ್ಟೆಯಲ್ಲಿ ಸುತ್ತಿ ಎದೆಯ ಜೇಬಿಗೆ ಹಾಕಿಕೊಂಡರು.

"ಯಾಕೆ ನಿಲ್ಲಿಸಿದೆ?"

"ಇನ್ನೂ ಉಜ್ಜಿದ್ರೆ ಓಲೆಗೇ ನೋವಾಗ್ತಿತ್ತು."

ಪುಟ್ಟಗೌರಮ್ಮ ಮೊರ ಕುಕ್ಕಿದಳು. "ನೋಡ್ರವ್ವಾ, ಕೊಟ್ಟದ್ದನ್ನ ವಾಪಸು ತಗೊಂಡ್ರು! ಸಂಬಂಧ ಮುರೀತು!"

ಆಚಾರ್ರು ಸೊಂಟಕ್ಕೆ ಕಟ್ಟಿದ್ದ ಸಂಚಿ ಬಿಚ್ಚಿ, ನೀಲಮ್ಮನ ಇನ್ನೊಂದು ಕಿವಿಯ ಓಲೆ ತೆಗೆದರು. ವನಜಾಕ್ಷಿಯ ಅಂಗೈ ಬಿಡಿಸಿ ಅದರಲ್ಲಿಟ್ಟರು. ತೊಲೆಗೆ ಹೊಡೆದಿದ್ದ ಹೊಸ ಕೊಂಡಿಯನ್ನು ಒಮ್ಮೆ ಎಳೆದು ನೋಡಿದರು.

"ಇದರಲ್ಲೂ ಒಂದು ಹರಳು ಸಡಿಲ ಇದೆ. ನಿನ್ನ ಮನೆಯೊಳಗೆ ಕತ್ತಲು ಮಗಾ, ಇಲ್ಲೇ ಕೂತು ಮಾಡು."