ಹೊಳೆ ದಾಟಿಸುವವರು ಬೇಕಾಗಿದ್ದಾರೆ

“ಗುರುಗಳೇ, ಯೋಗ್ಯನೊಬ್ಬ ಕಣ್ಣೆದುರಿಗೇ ನಿಂತಿರುವಾಗ ಅವನಿಗಾಗಿ ಒಂದು ಷರತ್ತು ಸಡಿಲಿಸಿದರೆ ಯಾರಿಗೇನು ನಷ್ಟ?” ಎಂದು ಶಿಷ್ಯ ಮರುಳಪ್ಪ ಕೇಳಿದ. ಮಠದ ಹೊಸ ಅಡುಗೆಮನೆ ಕಟ್ಟುವವರನ್ನು ಆರಿಸುವ ಹೊಣೆ ಅವನ ಮೇಲಿತ್ತು.

ಗುರು ನಕ್ಕರು. “ಕೂತುಕೋ, ಹೇಳುತ್ತೇನೆ.

“ಒಂದೂರಿನ ಯಜಮಾನನಿಗೆ ಜನರನ್ನು ಹೊಳೆ ದಾಟಿಸುವವರು ಬೇಕಾಗಿದ್ದರು. ‘ಮರದ ದೋಣಿ ಇದ್ದವರು ಮಾತ್ರ ಬರಲಿ’ ಎಂದು ಸುತ್ತಲಿನ ಊರುಗಳಲ್ಲೆಲ್ಲ ಡಂಗುರ ಸಾರಿಸಿದ. ಯಾಕಂತೀಯಾ? ಆಚೆ ದಡದಲ್ಲಿ ಅವನ ಬೀಗರಿದ್ದರು. ಬುಟ್ಟಿಯಂಥ ಹರಿಗೋಲಿನಲ್ಲಿ ಹೋಗಿ ಅವರ ಮುಂದೆ ಇಳಿದರೆ ಮಾನ ಹೋಗುತ್ತದೆಂದು ಮಹಾರಾಯನ ಹೆದರಿಕೆ!

“ಪರೀಕ್ಷೆಯ ದಿನ ಮರದ ದೋಣಿಗಳೆಲ್ಲ ನಡುಹೊಳೆಯ ಬಂಡೆಗಳಿಗೆ ಸಿಕ್ಕಿ ಕೂತವು. ಸುಮ್ಮನೆ ನೋಡಲು ಬಂದಿದ್ದ ಒಬ್ಬ ಬೆಸ್ತ ತನ್ನ ಹರಿಗೋಲು ಇಳಿಸಿ, ಸಿಕ್ಕಿಬಿದ್ದವರನ್ನೆಲ್ಲ ನಗುನಗುತ್ತಾ ದಡಕ್ಕೆ ತಂದ. ಜನ ಸಿಳ್ಳೆ ಹೊಡೆದರು. ಯಜಮಾನನಿಗೂ ಎಲ್ಲಿಲ್ಲದ ಖುಷಿ. ‘ಭೇಷ್! ಕೆಲಸ ನಿನ್ನದೇ, ಹೋಗು’ ಎಂದುಬಿಟ್ಟ. ಮನೆಮಂದಿಯ ಹೊಟ್ಟೆಗೆ ದಾರಿಯಾಯಿತೆಂದು ಬೆಸ್ತನ ಕಣ್ಣಲ್ಲಿ ನೀರು ಬಂತು.

“ಆಗ ಮರದ ದೋಣಿಯವನೊಬ್ಬ ಒದ್ದೆ ಪಂಚೆ ಹಿಂಡುತ್ತಾ, ‘ಹಾಗಾದರೆ ನನ್ನ ನಾದಿನಿ ಏನು ಪಾಪ ಮಾಡಿದ್ದಳು, ಯಜಮಾನರೇ? ಅವಳದೂ ಹರಿಗೋಲೇ. ನಿಮ್ಮ ಡಂಗುರ ಕೇಳಿ ಮನೆಯಲ್ಲೇ ಉಳಿದಳು’ ಎಂದ.

“ಯಜಮಾನನ ಮುಖ ಸಣ್ಣದಾಯಿತು. ಅಷ್ಟು ಜನರೆದುರು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಅವನಿಗೆ ಸಾಯುವಷ್ಟು ನಾಚಿಕೆ. ಬೆಸ್ತನ ಮುಖ ನೋಡಲಾರದೆ ನೆಲ ನೋಡುತ್ತಾ ನಿಂತ. ಕಡೆಗೆ ಮನಸ್ಸು ಗಟ್ಟಿ ಮಾಡಿಕೊಂಡು, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೊಮ್ಮೆ ಡಂಗುರ ಸಾರಿಸಿದ. ದೋಣಿ ಯಾವುದಾದರೂ ಸರಿ, ಜನ ಕ್ಷೇಮವಾಗಿ ದಾಟಿದರೆ ಸಾಕು ಎಂದ.

“ಅಬ್ಬಾ, ಎರಡನೇ ಪರೀಕ್ಷೆಯ ದಿನ ಆ ಹೊಳೆ ನೋಡಬೇಕಿತ್ತು! ಎಲ್ಲೆಲ್ಲಿಂದಲೋ ಹರಿಗೋಲುಗಳು ಬಂದವು. ಮಕ್ಕಳು ಮರ ಹತ್ತಿ ಕೂಗಿದ್ದೇ ಕೂಗಿದ್ದು. ಆ ನಾದಿನಿಯೂ ಬಂದಳು. ಹಾಡು ಹೇಳಿಕೊಂಡೇ ಬಂಡೆಗಳ ನಡುವೆ ನುಸುಳಿ ಎಲ್ಲರಿಗಿಂತ ಮೊದಲು ಆಚೆ ದಡ ಮುಟ್ಟಿದಳು. ಕೂತವರ ಸೆರಗಿನ ಅಂಚೂ ನೆನೆದಿರಲಿಲ್ಲ. ಬೆಸ್ತನೇ ಮೊದಲು ಚಪ್ಪಾಳೆ ತಟ್ಟಿ, ‘ಸೋತೆ ಕಣಮ್ಮಾ!’ ಎಂದು ನಕ್ಕುಬಿಟ್ಟ. ಕೆಲಸ ಅವಳದಾಯಿತು.”

ಮರುಳಪ್ಪನಿಗೂ ನಗು ಬಂತು. ಆದರೆ ಮನಸ್ಸು ಒಪ್ಪಲಿಲ್ಲ. “ಆದರೂ ಪಾಪ, ಕೈಗೆ ಬಂದ ಕೆಲಸ ಆ ಬೆಸ್ತನಿಗೆ ತಪ್ಪಿತಲ್ಲ, ಗುರುಗಳೇ!” ಎಂದ.

ಗುರು ಹೇಳಿದರು: “ಅವನಿಗೆ ತಪ್ಪಿದ್ದನ್ನು ಊರೇ ನೋಡಿತು, ಅವಳಿಗೆ ಅದು ಮನೆಯಲ್ಲಿ ಕೂತಲ್ಲೇ ತಪ್ಪಿತ್ತಲ್ಲ, ಅದನ್ನು ನೋಡಿದವರು ಯಾರು?”