ಟಿಟ್ಟಿಭದ ಗರಿ

ಕಾಡಿಗೆ ಬೆಂಕಿ ಬಿದ್ದಾಗ ಟಿಟ್ಟಿಭ ಹಕ್ಕಿಯೊಂದು ತನ್ನ ಬಂಡೆ ಬಿಟ್ಟು ಕದಲದೆ, ಕೂಗಿ ಕೂಗಿ ಎಲ್ಲರನ್ನೂ ಎಚ್ಚರಿಸಿತು; ಕೊನೆಗೆ ತಾನು ಹೊಗೆಯಲ್ಲಿ ಉಸಿರುಕಟ್ಟಿ ಸತ್ತಿತು. ಬೂದಿ ಆರುವ ಮೊದಲೇ ನರಿ ಅಂಗಡಿ ಇಟ್ಟಿತು. ಸತ್ತದ್ದು ಒಂದೇ ಹಕ್ಕಿ, ಮಾರಾಟಕ್ಕಿಟ್ಟ ಗರಿಗಳೋ ಬುಟ್ಟಿ ತುಂಬ!

“ಹುತಾತ್ಮಳ ಗರಿ! ಗರಿಗೊಂದು ಊಟ! ಕೊಳ್ಳದವರು ಕೃತಘ್ನರು!”

ಆ ಮಾತಿಗೆ ಹೆದರಿ ಎಲ್ಲರೂ ಕೊಂಡರು. ಮರಿಗಳ ಜೊತೆ ಬಂದ ಮೊಲ ಮಾತ್ರ ನಿಲ್ಲಲಿಲ್ಲ.

“ನಿನ್ನ ಮಕ್ಕಳನ್ನು ಉಳಿಸಿದವಳನ್ನು ಇಷ್ಟು ಬೇಗ ಮರೆತೆಯಾ?” ಎಂದು ನರಿ ಗದರಿತು.

“ಮರೆಯುವುದುಂಟೇ ನರಿಯಣ್ಣ? ಆಕೆ ಕಾಯುತ್ತಿದ್ದ ಬಂಡೆ ಈಗ ಖಾಲಿ ಇದೆ. ಅಲ್ಲಿ ಕಾವಲು ಕೂರಲು ಹೊರಟಿದ್ದೇನೆ. ನನಗೆ ಕೂಗಲು ಬಾರದು, ಕಾಲಿನಿಂದ ನೆಲ ಬಡಿಯಬಲ್ಲೆ.”

ನರಿ ನಕ್ಕುಬಿಟ್ಟಿತು.

ಮರುಬೇಸಿಗೆಯಲ್ಲಿ ಮತ್ತೆ ಬೆಂಕಿ ಬಿತ್ತು. ಗರಿಗಳ ರಾಶಿಯ ಮೇಲೆ ನಿದ್ದೆ ಹೋಗಿದ್ದ ನರಿಗೆ ನೆಲ ದಡದಡ ಅದುರಿ ಎಚ್ಚರವಾಯಿತು. ಓಡಿ ಹಳ್ಳ ದಾಟಿ ತಿರುಗಿ ನೋಡಿದರೆ ಅಂಗಡಿ ಧಗಧಗ ಉರಿಯುತ್ತಿತ್ತು.

ಬೆಂಕಿ ಆರಿದ ಮೇಲೆ ನರಿ ಬಂಡೆಯ ಬಳಿ ಬಂತು. ನೆಲ ಬಡಿದು ಬಡಿದು ಮೊಲದ ಕಾಲು ಬಾತಿತ್ತು. ನರಿ ತಲೆ ತಗ್ಗಿಸಿ ಹೇಳಿತು:

“ತಂಗೀ, ನೀನು ಮಲಗು. ಇವತ್ತು ನಾನು ಕೂರುತ್ತೇನೆ. ಕೂಗುವುದು ನನಗೆ ಚೆನ್ನಾಗಿ ಬರುತ್ತದೆ.”