ತಿಪ್ಪೇಶನ ಕಾರಿನ ನೀರು ಎಲ್ಲಿಗೆ ಹೋಯಿತು

ಹಿರಿಯೂರಿನ ಆಚೆ, ಹೆದ್ದಾರಿ ಪಕ್ಕದ ಒಂದೂರಲ್ಲಿ ಅಡುಗೆ ಓಬಮ್ಮ ಅಂತ ಒಬ್ಬಳಿದ್ದಳು. ಸುತ್ತಲ ಹಳ್ಳಿಗಳಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ತಿಥಿಯಾಗಲಿ, ಸಾರು ಓಬಮ್ಮನದೇ. ಅವಳ ಗಂಡ ಬಾಡಿಗೆ ಕಾರು ಓಡಿಸಿಕೊಂಡಿದ್ದವನು, ತೀರಿಹೋಗುವಾಗ ಒಂದು ಹಳೇ ಬಿಳಿ ಕಾರು, ಒಬ್ಬ ಮಗನನ್ನು ಬಿಟ್ಟುಹೋದ. ಕಾರು ಕುಡಿದ ನೀರನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಮಗ ಕೇಳಿದ ಮಾತನ್ನು ಬಿಡುತ್ತಿರಲಿಲ್ಲ. ಏನು ಹೇಳಿದರೆ ಅದನ್ನೇ ಮಾಡುತ್ತಿದ್ದ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ. ಮೀಸೆ ಬಂದು ಎಷ್ಟೋ ವರ್ಷವಾದರೂ ತಿಪ್ಪೇಶ ಹಾಗೇ ಇದ್ದ.

"ಇವನನ್ನ ಕಟ್ಟಿಕೊಂಡು ನಾನು ಹೆಂಗೆ ಬಾಳ್ಲಿ," ಅಂತ ಓಬಮ್ಮ ಒಲೆ ಮುಂದೆ ಕೂತು ಒಲೆಗೇ ಹೇಳುತ್ತಿದ್ದಳು.

ಪಾತ್ರೆ ಪರಡಿ ಸಾಗಿಸೋಕೆ ಕಾರು ಬೇಕು, ಕಾರು ಓಡಿಸೋಕೆ ಮಗ ಬೇಕು. ಅವಳು ಮಗನಿಗೆ ಹೇಳಿದಳು: "ತಿಪ್ಪೇಶ, ಹೊರಡೋ ಮುಂಚೆ ಕಾರಿನ ನೀರು ನೋಡಬೇಕು, ಮರೀಬೇಡ."

"ಆಗಲಿ ಅವ್ವ," ಅಂದ ತಿಪ್ಪೇಶ.

ಮಾರನೇ ದಿನ ಪಾತ್ರೆ ತುಂಬಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಕಾರು ಬುಸುಗುಟ್ಟಿ, ಹಬೆ ಉಗುಳಿ, ನಿಂತುಬಿಟ್ಟಿತು.

"ನೀರು ನೋಡಿದ್ಯೇನೋ?"

"ನೋಡಿದೆ ಅವ್ವ."

"ಎಷ್ಟಿತ್ತು?"

"ಇರಲೇ ಇಲ್ಲ."

"ಮತ್ತೆ ಯಾಕೋ ಹುಯ್ಯಲಿಲ್ಲ?"

"ನೋಡು ಅಂದೆ. ನೋಡಿದೆ. ತಳ ಕಾಣೋವರೆಗೂ ನೋಡಿದೆ."

ಓಬಮ್ಮ ಹಣೆ ಚಚ್ಚಿಕೊಂಡಳು. "ನೋಡಿದ್ರೆ ಸಾಲದು ಕಣೋ. ಕಮ್ಮಿಯಿದ್ರೆ ಬಾಯಿಮಟ್ಟ ನೀರು ತುಂಬಿಸಬೇಕು."

"ಆಗಲಿ ಅವ್ವ," ಅಂದ ತಿಪ್ಪೇಶ. ಕಾರು ಆರಿದ ಮೇಲೆ ಬಾಯಿಮಟ್ಟ ನೀರು ಹುಯ್ದು ಹೊರಟ, ಆ ಮಾತನ್ನು ಜೋಪಾನವಾಗಿ ತಲೆಯಲ್ಲಿಟ್ಟುಕೊಂಡ.

ಅವತ್ತು ನಾಮಕರಣದ ಮನೆಯಲ್ಲಿ ಎರಡನೇ ಪಂಕ್ತಿ ಕೂತಿತ್ತು. ಓಬಮ್ಮ ಹಪ್ಪಳ ಕರಿಯುತ್ತಿದ್ದಳು. ತಿಪ್ಪೇಶ ಸಾರಿನ ಹಂಡೆಯೊಳಗೆ ಇಣುಕಿದ. ಸಾರು ಕಮ್ಮಿಯಿತ್ತು. ಬಾವಿಯಿಂದ ನೀರು ಸೇದಿ ಸೇದಿ ತಂದು ಬಾಯಿಮಟ್ಟ ತುಂಬಿಸಿದ. ಎಲೆಗೆ ಬಡಿಸಿದರೆ ಅನ್ನ ತೇಲಿತು. ಸಾಸಿವೆ ಕಾಳು ಒಂದನ್ನೊಂದು ಹುಡುಕಿಕೊಂಡು ಈಜಿದವು.

"ಇದನ್ನ ಯಾರು ನಿಂಗೆ ಹೇಳಿದ್ದು?"

"ನೀನೇ ಅವ್ವ."

"ಒಲೆ ಮೇಲಿನ ಹಂಡೆಗಲ್ಲ ಕಣೋ. ಕಾರಿಗೆ. ಕಾರು ಕಾಯ್ತು ಅಂದ್ರೆ ಕಾರಿಗೆ ನೀರು ಹುಯ್ಯಿ."

ವಾಪಸ್ ಬರುವಾಗ ಕಾರು ಮತ್ತೆ ಕಾಯಿತು. ತಿಪ್ಪೇಶ ತಡಮಾಡಲಿಲ್ಲ. ಇಳಿದ, ಬಾನೆಟ್ ಎತ್ತಿದ, ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಬಿಸಿನೀರು ಆಳೆತ್ತರ ಚಿಮ್ಮಿತು. ಮೊಣಕೈವರೆಗೂ ತೊಗಲು ಕೆಂಪಾಯಿತು. ನೋವಿಗೆ ಹಲ್ಲು ಕಚ್ಚಿಕೊಂಡರೂ ಅವನ ಕಣ್ಣು ಮಾತ್ರ ಆ ಹಬೆಯ ಹಿಂದೆಯೇ ಹೋಗಿತ್ತು. ಬೆಳಿಗ್ಗೆ ಹುಯ್ದ ನೀರು ಎಲ್ಲಿ ಹೋಯಿತು? ದಾರಿಯಲ್ಲಿ ಯಾರು ಕುಡಿದರು? ಕಾರಿಗೆ ಹೊಟ್ಟೆಯೇನಾದರೂ ಇದೆಯೋ?

ಹೆದ್ದಾರಿ ಮಗ್ಗುಲಲ್ಲಿ ಗ್ಯಾರೇಜು ಇಟ್ಟಿದ್ದ ದಾದಾಪೀರ್ ಅವನ ಕೈ ನೋಡಿ ಬೈದ. ಅಪ್ಪನ ಕಾಲದಿಂದ ಆ ಕಾರಿನ ರಿಪೇರಿ ಅವನದೇ.

"ಬಿಸಿ ಇರೋವಾಗ ಮುಚ್ಚಳ ತೆಗೀಬಾರದು ತಮ್ಮ. ಯಾರು ಎಷ್ಟು ಹೇಳಿದ್ರೂ ತೆಗೀಬೇಡ. ಮುಟ್ಟಿ ನೋಡು, ತಣ್ಣಗಾಗಿದ್ರೆ ಮಾತ್ರ ತೆಗಿ."

"ಆಗಲಿ ದಾದಾಪೀರಣ್ಣ," ಅಂದ ತಿಪ್ಪೇಶ.

ಆಮೇಲೆ ಒಂದು ತಿಥಿ ಊಟ ಬಂತು. ಓಬಮ್ಮ ಅನ್ನ ಬಸಿದು, ಹಂಡೆಗೆ ಮುಚ್ಚಳ ಮುಚ್ಚಿ, ಮಗನಿಗೆ "ಇದನ್ನ ನೋಡ್ಕೋ" ಅಂತ ಹೇಳಿ ಪಲ್ಯದ ಕಡೆ ಹೋದಳು. ಎಲೆ ಹಾಕಿದರು, ಉಪ್ಪಿನಕಾಯಿ ಬಡಿಸಿದರು, ಪಲ್ಯ ಬಡಿಸಿದರು. ಅನ್ನ ಬರಲಿಲ್ಲ. ತಿಪ್ಪೇಶ ಹಂಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದ.

"ಬಿಡಪ್ಪ, ಜನ ಹಸಿದಿದಾರೆ," ಅಂದರು ಮನೆಯವರು.

"ಇನ್ನೂ ಬಿಸಿಯಿದೆ," ಅಂದ ತಿಪ್ಪೇಶ.

ಹಿರಿಯರು ಬಂದು ಹೇಳಿದರು. ಪುರೋಹಿತರು ಬಂದು ಹೇಳಿದರು. ಯಾರು ಎಷ್ಟು ಹೇಳಿದರೂ ಅವನು ಬಿಡಲಿಲ್ಲ. ಕೊನೆಗೆ ತಣ್ಣಗಾಯಿತು ಅನ್ನಿಸಿದ ಮೇಲೆ ಮುಚ್ಚಳ ತೆಗೆದ. ಅಷ್ಟರಲ್ಲಿ ಅನ್ನ ಮುದ್ದೆಯಾಗಿತ್ತು, ಅರ್ಧ ಜನ ಎದ್ದು ಹೋಗಿದ್ದರು.

ಆ ದಿನ ಓಬಮ್ಮ ಬೈಯಲಿಲ್ಲ. ಮನೆಗೆ ಬಂದು ತಣ್ಣಗೆ ಹೇಳಿದಳು: "ಮುಂದಿನ ವಾರ ಅಕ್ಕಿ ಗಿರಣಿ ಯಜಮಾನರ ಮನೆ ಮದುವೆ. ಹೊತ್ತಿಗೆ ಸರಿಯಾಗಿ ಪಾತ್ರೆ ಮುಟ್ಟದೇ ಹೋದ್ರೆ ಈ ಸೀಮೇಲಿ ನನ್ನನ್ನ ಇನ್ಯಾರೂ ಕರೆಯಲ್ಲ. ಅಷ್ಟರೊಳಗೆ ಆ ನೀರು ಎಲ್ಲಿ ಹೋಗ್ತದೆ ಅಂತ ಗೊತ್ತಾಗಬೇಕು. ಇಲ್ದಿದ್ರೆ ಕಾರನ್ನ ಗುಜರಿಗೆ ಹಾಕಿಬಿಡ್ತೀನಿ."

ತಿಪ್ಪೇಶನಿಗೆ ಆ ರಾತ್ರಿ ಊಟ ಸೇರಲಿಲ್ಲ. ಕಾರಿನ ಸೀಟಿನಲ್ಲಿ ಇನ್ನೂ ಅಪ್ಪನ ಬೀಡಿಯ ವಾಸನೆಯಿತ್ತು. ಗುಜರಿಯವನು ಅದನ್ನೂ ಕುಟ್ಟಿ ಪುಡಿ ಮಾಡುತ್ತಾನೋ ಏನೋ ಅಂತ ಯೋಚಿಸುತ್ತಾ ಕೂತ. ಬೆಳಕು ಹರಿಯುತ್ತಲೇ ದಾದಾಪೀರನ ಮುಂದೆ ನಿಂತ.

"ಗಾಡಿ ಓಡಿಸಿ ಬಂದು ನಿಲ್ಲಿಸಿದ ಮೇಲೆ ಕೆಳಗೆ ಒಂದು ರಟ್ಟು ಹಾಸು," ಅಂದ ದಾದಾಪೀರ್. "ಸ್ವಲ್ಪ ಹೊತ್ತು ಬಿಟ್ಟು ನೋಡು. ಒದ್ದೆಯಾದ ಜಾಗ ಸಿಕ್ತಾ, ಸೋರಿಕೆ ಸಿಕ್ತು ಅಂತಲೇ ಲೆಕ್ಕ. ಮೇಣ ಹಚ್ಚಿ ಮುಚ್ಚಿಬಿಡಬಹುದು."

ಸಂಜೆ ತಿಪ್ಪೇಶ ರಟ್ಟು ಹೊತ್ತುಕೊಂಡು ಬಂದ. ನಡುವೆ ಅಂಗೈಯಗಲ ಒದ್ದೆ. ಆ ಒದ್ದೆಯ ಮೇಲೆ ದಪ್ಪಗೆ ಮೇಣ ಮೆತ್ತಿದ್ದ.

"ಮುಚ್ಚಿದೀನಿ ಅಣ್ಣ. ರಟ್ಟು ಈಗ ಒಂದು ತೊಟ್ಟೂ ಸೋರಲ್ಲ."

ದಾದಾಪೀರ್ ರಟ್ಟನ್ನು ನೋಡಿದ, ತಿಪ್ಪೇಶನನ್ನು ನೋಡಿದ. ಬೈಯಬೇಕು ಅಂದುಕೊಂಡವನಿಗೆ ನಗು ಬಂತು. "ತೂತು ಇರೋದು ಮೇಲೆ ಮಾರಾಯ. ಎಂಜಿನ್ನಿನ ಮುಂದೆ ಎಲ್ಲೋ ಇದೆ. ಆದ್ರೆ ನೀರು ಅಲ್ಲಿಂದ ಇಲ್ಲಿಗೆ ಹರಿದು ಬೀಳ್ತದೆ, ತಣ್ಣಗಿದ್ದಾಗ ಏನೂ ಕಾಣಲ್ಲ." ಕಾರು ಚಾಲೂ ಮಾಡಿ, ಬಾನೆಟ್ ಎತ್ತಿ ನಿಲ್ಲಿಸಿದ. "ಇಲ್ಲೇ ನಿಂತ್ಕೊ. ನೋಡ್ತಾ ಇರು. ಕೈ ಮಾತ್ರ ಹಾಕಬೇಡ, ಫ್ಯಾನ್ ತಿರುಗ್ತಾ ಇದೆ. ನಾನು ಚಹಾ ಕುಡಿದು ಬರ್ತೀನಿ."

ಆ ಕೆಲಸ ತಿಪ್ಪೇಶನಿಗೆಂದೇ ಹುಟ್ಟಿದ ಹಾಗಿತ್ತು. ಬೇರೆಯವರಾಗಿದ್ದರೆ ಆಕಳಿಸುತ್ತಿದ್ದರು, ಬೀದಿ ನೋಡುತ್ತಿದ್ದರು. ಅವನು ಕಣ್ಣು ಕದಲಿಸಲಿಲ್ಲ. ಎಂಜಿನ್ ಗುರುಗುಟ್ಟಿತು, ನಡುಗಿತು, ಕಾದಿತು. ಎಷ್ಟೋ ಹೊತ್ತಿನ ಮೇಲೆ, ರಬ್ಬರ್ ಪೈಪು ಬಾಗಿದ ಕಡೆ, ಅದರ ಹೊಟ್ಟೆಯ ಕೆಳಗೆ, ಒಂದು ಬಿಳೀ ಎಳೆ ಎದ್ದಿತು. ಅಗರಬತ್ತಿಯ ಹೊಗೆಗಿಂತ ಸಣ್ಣದು. ಅದರ ಹಿಂದೆಯೇ ಒಂದು ಹನಿ ಹುಟ್ಟಿತು. ಓಹೋ, ಇಲ್ಲಿಂದಲೋ ನೀನು ಹೋಗುತ್ತಿದ್ದದ್ದು ಅಂತ ತಿಪ್ಪೇಶ ಮನಸ್ಸಿನಲ್ಲೇ ಅಂದುಕೊಂಡ. ಅಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ. ಆದರೂ ಸುಮ್ಮನೆ ನಿಂತಿದ್ದ. ಕರೆ ಅಂತ ಯಾರೂ ಹೇಳಿರಲಿಲ್ಲವಲ್ಲ.

ದಾದಾಪೀರ್ ಬಂದು ಕೇಳಿದ: "ಏನಾದ್ರೂ ಕಂಡಿತಾ?"

"ಕಂಡಿತು."

"ಎಲ್ಲಿ? ತೋರಿಸು."

ಕೈ ಹಾಕಬೇಡ ಅಂದಿದ್ದನಲ್ಲ, ತಿಪ್ಪೇಶ ಎರಡೂ ಕೈ ಹಿಂದೆ ಕಟ್ಟಿಕೊಂಡು ಗದ್ದದಲ್ಲಿ ತೋರಿಸಿದ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ದಾದಾಪೀರ್ ಪೈಪನ್ನು ಹಿಂಡಿ ನೋಡಿದ. ಉಗುರಿನಷ್ಟುದ್ದ ಬಿರುಕು. ತಣ್ಣಗಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತಿತ್ತು, ಕಾದು ಒತ್ತಡ ಏರಿದಾಗ ತೆರೆಯುತ್ತಿತ್ತು. "ನನ್ನ ಕಣ್ಣಿಗೇ ಬಿದ್ದಿರಲಿಲ್ಲ ತಮ್ಮ," ಅಂತ ಅವನ ಬೆನ್ನು ತಟ್ಟಿ ಹೊಸ ಪೈಪು ಹಾಕಿದ. ಹಸಿರು ಬಣ್ಣದ ಕೂಲಂಟ್ ತುಂಬಿಸಿ, ಮಿಕ್ಕಿದ್ದನ್ನು ಡಬ್ಬಿಯ ಸಮೇತ ಕೊಟ್ಟ.

"ಇದು ಬಿಸಿಗೆ ಮದ್ದು. ದಾರೀಲಿ ಬಿಸಿ ಆಯ್ತು ಅಂದ ಕೂಡ್ಲೇ ನೆರಳಲ್ಲಿ ನಿಲ್ಲಿಸು. ಮುಟ್ಟಿ ನೋಡು. ತಣ್ಣಗಾದ ಮೇಲೆ ಇದನ್ನ ಮೇಲಿಂದ ನಿಧಾನಕ್ಕೆ ಹುಯ್ಯಿ."

"ಆಗಲಿ ದಾದಾಪೀರಣ್ಣ," ಅಂದ ತಿಪ್ಪೇಶ.

ಮದುವೆಯ ದಿನ ಕಾರು ಏರು ಹತ್ತಿತು, ಇಳಿಜಾರು ಇಳಿಯಿತು. ಶಾಖ ತೋರಿಸುವ ಮುಳ್ಳು ನಡುವೆ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಓಬಮ್ಮನಿಗೆ ಮಾತ್ರ ನೆಮ್ಮದಿಯಿರಲಿಲ್ಲ.

"ಹುಣಸೆಹಣ್ಣು ಇಟ್ಟೆಯಾ?"

"ನೀನು ಹೇಳಲಿಲ್ಲವಲ್ಲ ಅವ್ವ."

"ಹಪ್ಪಳ ಕರಿಯೋ ಜಾಲರಿ?"

"ಅದನ್ನೂ ಹೇಳಲಿಲ್ಲ."

"ಸುಮ್ಮನಿರಪ್ಪ. ಮಾತಾಡಿಸಬೇಡ. ನನ್ನ ತಲೆ ಬಿಸಿಯಾಗಿ ಕುದೀತಾ ಇದೆ."

ತಿಪ್ಪೇಶ ಅವ್ವನ ಮುಖ ನೋಡಿದ. ಕೆಂಪಗಿತ್ತು. ಕಾರನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಮೆಲ್ಲಗೆ ಅವಳ ಹಣೆ ಮುಟ್ಟಿ ನೋಡಿದ. ಇನ್ನೂ ಬೆಚ್ಚಗಿತ್ತು, ಕಾದು ಕೂತ. ಮಗನಿಗೆ ಕೊನೆಗೂ ತನ್ನ ಮೇಲೆ ಕನಿಕರ ಬಂತಲ್ಲ ಅಂತ ಓಬಮ್ಮನ ಕರುಳು ಚುರ್ ಅಂದಿತು. ಹೊತ್ತಿಗೆ ಮುಂಚೆಯೇ ಹೊರಟಿದ್ದರು. ನಸುಕಿನಿಂದ ತರಕಾರಿ ಹೆಚ್ಚಿ ದಣಿದಿದ್ದವಳು ಕಣ್ಣು ಮುಚ್ಚಿದಳು. ಗಾಳಿ ತಂಪಾಗಿತ್ತು, ನಿದ್ದೆ ಹತ್ತಿತು.

ತಿಪ್ಪೇಶ ಮತ್ತೆ ಹಣೆ ಮುಟ್ಟಿದ. ತಣ್ಣಗಾಗಿತ್ತು. ಡಬ್ಬಿ ತೆಗೆದ. ಮೇಲಿಂದ, ನಿಧಾನಕ್ಕೆ, ಒಂದು ತೊಟ್ಟೂ ಮಿಗಿಸದೆ ಹುಯ್ದ.

ಆ ದಿನದ ಅಡುಗೆಗೆ ಒಳ್ಳೇ ಹೆಸರು ಬಂತು, ಉಂಡವರು ಇವತ್ತಿಗೂ ಹೊಗಳುತ್ತಾರೆ. ಆದರೆ ಅದಕ್ಕಿಂತ ಹೆಚ್ಚಾಗಿ ಅವರು ಹೇಳುವುದು ಮದುವೆಮನೆಯ ಬಾಗಿಲಲ್ಲಿ ಕಾರು ಬಂದು ನಿಂತದ್ದನ್ನು. ಬಾಗಿಲು ತೆಗೆದು ಇಳಿದ ಓಬಮ್ಮನ ಕೂದಲು ಹಸಿರು, ಹಣೆ ಹಸಿರು, ಸೀರೆಯ ಸೆರಗೂ ಹಸಿರು. ಬೆಚ್ಚಿ ಎದ್ದಾಗಿನಿಂದ ಬೈದು, ಇಳಿದ ಮೇಲೂ ಬೈಯಲು ಬಾಯಿ ತೆರೆದವಳು ಕಾರಿನ ಕನ್ನಡಿಯಲ್ಲಿ ತನ್ನನ್ನು ಕಂಡು ನಗತೊಡಗಿದಳು. ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಸುರಿಯುವಷ್ಟು ನಕ್ಕಳು.

ಗಿರಣಿ ಯಜಮಾನರು ಗಾಬರಿಯಾಗಿ ತಿಪ್ಪೇಶನನ್ನು ಕೇಳಿದರು: "ಏನಪ್ಪ ಇದು, ಏನಾಗಿದೆ ನಿಮ್ಮವ್ವನಿಗೆ?"

ತಿಪ್ಪೇಶ ಅವ್ವನ ಸುತ್ತ ಒಂದು ಸಲ ಬಂದ, ಬಗ್ಗಿ ನೋಡಿದ, ಕೈ ಮಾತ್ರ ಹಾಕಲಿಲ್ಲ.

"ಗಾಬರಿಯಾಗಬೇಡಿ ಯಜಮಾನರೇ, ಬಿಸಿ ಇಳಿದಿದೆ," ಅಂದ. "ಕಣ್ಣಿನ ಹತ್ರ ಸ್ವಲ್ಪ ಸೋರ್ತಾ ಇದೆ. ಊಟ ಮುಗಿದ ಮೇಲೆ ದಾದಾಪೀರಣ್ಣನ ಹತ್ರ ಕರಕೊಂಡು ಹೋಗಿ ಪೈಪು ಬದಲಾಯಿಸ್ತೀನಿ."